ಹೊಂಡದ ಮೀನಿಗೆ ವೈರಸ್ ತಗುಲಿದರೆ ಏನು ಮಾಡಬೇಕು?

ಮೊದಲೇ ಹೇಳಿಬಿಡುತ್ತೇನೆ, ವೈರಸ್ ತಗುಲಿದ ಮೀನಿಗೆ ಕೊಡುವಂಥ ಔಷಧಿ ಇಲ್ಲ. ಆಂಟಿಬಯಾಟಿಕ್ ತಂದು ಸುರಿದರೆ ಸುಮ್ನೆ ದುಡ್ಡು ದಂಡ. ವೈರಸ್ ಜೊತೆ ಹೋರಾಡುವುದು ಮೀನಿನ ಮೈ. ಅದರ ಶಕ್ತಿ ಬೇರೆ ಕಡೆ ಸೋರದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು.

ಒಂದು ಗೆಂಡೆ ಹಿಡಿದು ನೋಡಿ. ಕೈಯಿಂದ ಜಾರುತ್ತದೆ ಅಲ್ವಾ? ಆ ಲೋಳೆಯೇ ಮೊದಲ ಬೇಲಿ, ರೋಗಾಣು ಕೊಲ್ಲುವ ಪದಾರ್ಥಗಳು ಅದರಲ್ಲೇ ಇರುತ್ತವೆ. ಒಣ ಕೈಯಲ್ಲಿ, ಒರಟು ಬಲೆಯಲ್ಲಿ ಮೀನು ಹಿಡಿದು ಅದನ್ನು ಉಜ್ಜಿ ತೆಗೆಯಬೇಡಿ.

ವೈರಸ್ ಒಳಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಇದು ಒಂದೆರಡು ದಿನದಲ್ಲೇ ಶುರು. ಆದರೆ ಆ ವೈರಸ್ಸಿಗೇ ತಕ್ಕ ಪ್ರತಿಕಾಯ (ಆಂಟಿಬಾಡಿ) ತಯಾರಾಗಲು ವಾರಗಳು ಬೇಕು, ಅದೂ ಮೀನಿನ ಮೈ ನೀರಿನಷ್ಟೇ ಬಿಸಿ ಇರುವುದರಿಂದ ನೀರು ತಣ್ಣಗಾದಷ್ಟೂ ನಿಧಾನ. ತೀರ್ಥಹಳ್ಳಿ, ಹೊಸನಗರದ ಕಡೆ ಡಿಸೆಂಬರ್ ಬೆಳಿಗ್ಗೆ ತೋಟದ ನೆರಳಿನ ಹೊಂಡಕ್ಕೆ ಕೈ ಅದ್ದಿ ನೋಡಿ, ಗೊತ್ತಾಗುತ್ತದೆ. ಆ ತಿಂಗಳುಗಳಲ್ಲಿ ಸುಮ್ಮಸುಮ್ಮನೆ ಬಲೆ ಎಳೆಯುವುದು, ಮರಿ ಸಾಗಿಸುವುದು ಬೇಡ. ಹಾಗಂತ ಬೇಸಿಗೆ ಬಂತು, ಇನ್ನು ಚಿಂತೆ ಇಲ್ಲ ಅಂದುಕೊಳ್ಳಬೇಡಿ. 2014ರಲ್ಲಿ ಇಸ್ರೇಲ್‌ನಿಂದ ಮೊದಲು ವರದಿಯಾಗಿ 2018ರ ಹೊತ್ತಿಗೆ ಭಾರತದಲ್ಲೂ ಕಂಡ, ತಿಲಾಪಿಯಾ ಮೀನಿಗೆ ತಗುಲುವ ತಿಲಾಪಿಯಾ ಲೇಕ್ ವೈರಸ್ ಬೆಚ್ಚಗಿನ ನೀರಿನಲ್ಲೇ ಕಾಡುತ್ತದೆ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ದ್ರಾವಣ ಹೊಡೆಯುತ್ತೇವೆ. ಅದರ ಮೈಲುತುತ್ತ ಮಳೆಗೆ ತೊಳೆದು ಹೊಂಡಕ್ಕಿಳಿದರೆ ಅದರಲ್ಲಿರುವ ತಾಮ್ರ ಕಿವಿರನ್ನೇ ಕೆಡಿಸುತ್ತದೆ, ಸುಣ್ಣದಂಶ ಕಡಿಮೆಯಿರುವ ನಮ್ಮ ಸಪ್ಪೆ ನೀರಿನಲ್ಲಂತೂ ಅದರ ವಿಷ ಇನ್ನೂ ಜಾಸ್ತಿ. ಅಂಥ ಮೀನು ವೈರಸ್ಸನ್ನು ಹೇಗೆ ತಡೆದೀತು? ಹೊಂಡದ ಮೇಲ್ಗಡೆ ಬಸಿಗಾಲುವೆ ತೆಗೆದು ತೋಟದ ನೀರನ್ನು ಆಚೆ ತಿರುಗಿಸಿ. ಔಷಧಿ ಡ್ರಮ್ಮನ್ನು ಹೊಂಡದಲ್ಲಿ ತೊಳೆಯಲೇಬೇಡಿ.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಟ್ಟು, ಬಿಸಿಲೇರಿದ ಮೇಲೆ ಸರಿಹೋದರೆ ಅದು ಹೆಚ್ಚಾಗಿ ಆಮ್ಲಜನಕದ ಕೊರತೆ. ಹೊತ್ತೇರಿದರೂ ದಡದಲ್ಲೇ ಮಂಕಾಗಿ ನಿಂತು ತೌಡು, ಹಿಂಡಿ ಮುಟ್ಟದೆ ದಿನಾ ಒಂದೆರಡು ಸಾಯುತ್ತಿದ್ದರೆ ರೋಗವೆಂದೇ ತಿಳಿದು ಆಹಾರ ನಿಲ್ಲಿಸಿ, ಪಂಪ್ ಹಾಕಿ ನೀರು ಚಿಮ್ಮಿಸಿ. ಸತ್ತದ್ದನ್ನು ಕೂಡಲೇ ತೆಗೆದು ಸುಣ್ಣ ಹಾಕಿ ಹೂಳಿ. ಹೊಂಡದ ನೀರು ಹಳ್ಳಕ್ಕೆ ಹರಿಯದಿರಲಿ. ಇನ್ನೂ ಉಸಿರಾಡುತ್ತಿರುವ ಮೀನೊಂದನ್ನು ಹಿಡಿದು ಐಸ್‌ನಲ್ಲಿಟ್ಟು ಮೀನುಗಾರಿಕೆ ಇಲಾಖೆಗೆ ತಲುಪಿಸಿ, ಕೊಳೆತದ್ದರಲ್ಲಿ ಪರೀಕ್ಷೆ ಸರಿಯಾಗಿ ಆಗುವುದಿಲ್ಲ.

ಬದುಕುಳಿದ ಮೀನಿನ ಮೈಯಲ್ಲೂ ವೈರಸ್ ಅಡಗಿರಬಹುದು. ಅವುಗಳ ಜೊತೆ ಹೊಸ ಮರಿ ಬಿಡಬೇಡಿ. ಅವನ್ನೆಲ್ಲ ಹಿಡಿದು, ಹೊಂಡ ಒಣಗಿಸಿ, ಸುಣ್ಣ ಹಾಕಿದ ಮೇಲೇ ಮುಂದಿನ ಮರಿ.