ಎರಡು ಪ್ರೀತಿಗಳ ಕಪ್ಪು ನಾಯಕರನ್ನು ಓದುವ ಬಗೆ

ಅಮೆರಿಕದ ಕಪ್ಪು ಲೇಖಕರ ಕಥೆ ಕಾದಂಬರಿಗಳಲ್ಲಿ ಗಂಡನ್ನೂ ಹೆಣ್ಣನ್ನೂ ಪ್ರೀತಿಸುವ ಪುರುಷ ಎದುರಾದಾಗ, ನಮ್ಮಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆಯನ್ನು ಹಿಡಿದು ಪುಟ ತಿರುವುತ್ತೇವೆ: ಇವನು ನಿಜವಾಗಿ ಯಾವ ಕಡೆಯವನು? ಪುಸ್ತಕ ತೆರೆಯುವ ಮೊದಲೇ ಈ ಪ್ರಶ್ನೆಯನ್ನು ಬದಿಗಿಡಬೇಕು. ಇಂಥ ನಾಯಕನ ಬಾಳಿನಲ್ಲಿ ಹೆಣ್ಣು ಬರಿಯ ಮರೆ, ಗಂಡು ಮಾತ್ರ ಸತ್ಯ ಎಂದು ತೀರ್ಮಾನಿಸಿಕೊಂಡು ಹೊರಟರೆ ಅವನ ಸಂಕಟದ ಅರ್ಧ ಭಾಗ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ದೊಡ್ಡ ಕಾದಂಬರಿಗೆ ಕೈಹಾಕುವ ಬದಲು ಒಂದು ಸಣ್ಣ ಕಥೆಯಿಂದ ಆರಂಭಿಸಿ. 1926ರಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಯುವ ಲೇಖಕರು ‘ಫೈರ್!!’ ಎಂಬ ಪತ್ರಿಕೆಯನ್ನು ತಂದರು. ಅದು ಒಂದೇ ಸಂಚಿಕೆಗೆ ನಿಂತುಹೋಯಿತು. ಅದರಲ್ಲಿ ಇಪ್ಪತ್ತು ವರ್ಷದ ರಿಚರ್ಡ್ ಬ್ರೂಸ್ ನ್ಯೂಜೆಂಟ್ ತನ್ನ ಮನೆತನದ ಹೆಸರನ್ನು ಬಿಟ್ಟು ‘ರಿಚರ್ಡ್ ಬ್ರೂಸ್’ ಎಂದಷ್ಟೇ ಸಹಿ ಹಾಕಿ ಬರೆದ ‘ಸ್ಮೋಕ್, ಲಿಲೀಸ್ ಅಂಡ್ ಜೇಡ್’ ಕಥೆಯಿದೆ. ಕಥೆಯ ಉದ್ದಕ್ಕೂ ಮಾತುಗಳ ನಡುವೆ ಸಾಲು ಚುಕ್ಕೆಗಳು ಹರಡಿಕೊಂಡಿವೆ. ಇದನ್ನು ಮನಸ್ಸಿನಲ್ಲಿ ಓದದೆ ಗಟ್ಟಿಯಾಗಿ ಓದಿ, ಚುಕ್ಕೆ ಬಂದಲ್ಲೆಲ್ಲ ಉಸಿರು ನಿಲ್ಲಿಸಿ. ಸಿಗರೇಟು ಸೇದುತ್ತ ಮಲಗಿರುವ ಅಲೆಕ್ಸ್‌ನ ಯೋಚನೆ ಬ್ಯೂಟಿ ಎಂದು ತಾನೇ ಹೆಸರಿಟ್ಟ ಗಂಡಿನ ಕಡೆಗೂ ಮೆಲ್ವಾ ಎಂಬ ಹೆಣ್ಣಿನ ಕಡೆಗೂ ಹರಿಯುವುದು ಆ ಬಿಡುವುಗಳಲ್ಲಿಯೇ. ಇಬ್ಬರನ್ನೂ ಒಟ್ಟಿಗೆ ಪ್ರೀತಿಸಲು ಸಾಧ್ಯ ಎಂಬ ಅರಿವಿಗೆ ಅವನು ಬರುವ ಹೊತ್ತಿಗೆ, ಗಟ್ಟಿಯಾಗಿ ಓದಿದವರಿಗೆ ಅದು ಆಶ್ಚರ್ಯವೆನಿಸುವುದಿಲ್ಲ.

ಆಮೇಲೆ ಜೇಮ್ಸ್ ಬಾಲ್ಡ್ವಿನ್ 1962ರಲ್ಲಿ ಪ್ರಕಟಿಸಿದ ‘ಅನದರ್ ಕಂಟ್ರಿ’ಯನ್ನು ಕೈಗೆತ್ತಿಕೊಳ್ಳಿ. ಇದಕ್ಕೆ ಸಮಯ ಕೊಡಬೇಕು. ಜಾಝ್ ಡ್ರಮ್ ವಾದಕನಾದ ರೂಫಸ್ ಸ್ಕಾಟ್ ಮೊದಲ ಅಧ್ಯಾಯದ ಕೊನೆಯಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆಯಿಂದ ಹಾರಿ ಪ್ರಾಣ ಬಿಡುತ್ತಾನೆ. ಉಳಿದ ಕಾದಂಬರಿಯೆಲ್ಲ ಅವನಿಲ್ಲದ ಮನೆಯಂತೆ ಸಾಗುತ್ತದೆ. ಆದ್ದರಿಂದ ಆ ಅಧ್ಯಾಯವನ್ನು ಸಾಧ್ಯವಾದರೆ ಒಂದೇ ಕೂರುವಿಕೆಯಲ್ಲಿ ಮುಗಿಸಿ, ಒಂದೆರಡು ದಿನ ಪುಸ್ತಕ ಮುಚ್ಚಿಡಿ. ಮತ್ತೆ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ಹೆಸರು ಬರೆದುಕೊಳ್ಳಿ: ಜಾರ್ಜಿಯಾದಿಂದ ಬಂದ ಬಿಳಿಯ ಹೆಣ್ಣು ಲಿಯೋನಾ, ಅಲಬಾಮಾದಿಂದ ಬಂದ ಬಿಳಿಯ ನಟ ಎರಿಕ್. ಒಂದೊಂದು ಹೆಸರಿನ ಕೆಳಗೂ ರೂಫಸ್ ಅವರಿಗೆ ಕೊಟ್ಟದ್ದನ್ನೂ ಮಾಡಿದ್ದನ್ನೂ ಗುರುತು ಹಾಕುತ್ತ ಹೋಗಿ. ನಾನು ಮೊದಲ ಸಲ ಓದಿದಾಗ ಲಿಯೋನಾಳ ಪುಟಗಳ ಮೇಲೆ ಕಣ್ಣಾಡಿಸಿ, ಎರಿಕ್‌ನ ನೆನಪು ಬರುವ ಕಡೆಗೆ ಆತುರದಿಂದ ಓಡಿದ್ದೆ. ಅವಳು ತಿನ್ನುವ ಪೆಟ್ಟುಗಳೂ ಎರಿಕ್ ಅನುಭವಿಸಿದ ಅವಮಾನವೂ ಒಂದೇ ಬೇರಿನವು ಎಂಬುದು ಹಾಳೆಯ ಮೇಲೆ ಬರೆದುಕೊಂಡ ಎರಡನೆಯ ಓದಿನಲ್ಲಿ ಮಾತ್ರ ತಿಳಿಯಿತು. ತನ್ನನ್ನು ಪ್ರೀತಿಸುವ ಬಿಳಿಯರ ಪ್ರೀತಿಯನ್ನು ನಂಬಲು ರೂಫಸ್‌ಗೆ ಆಗುವುದಿಲ್ಲ.

ಏಕೆ ಆಗುವುದಿಲ್ಲ ಎಂಬುದನ್ನು ಅರಿಯಲು ಕಾದಂಬರಿಯ ಹೊರಗಿನ ಚರಿತ್ರೆಯೂ ಬೇಕು. ಬಿಳಿಯರೂ ಕಪ್ಪು ಜನರೂ ಮದುವೆಯಾಗುವುದು ಅಪರಾಧವೆನ್ನುವ ಕಾನೂನುಗಳು ದಕ್ಷಿಣದ ರಾಜ್ಯಗಳಲ್ಲಿ ಆಗಿನ್ನೂ ಜೀವಂತವಾಗಿದ್ದವು. ಅವು ಬಿದ್ದುಹೋದದ್ದು 1967ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಬಿಳಿಯ ಹೆಣ್ಣಿನತ್ತ ನೋಡಿದನೆಂಬ ಆರೋಪವೊಂದೇ ಕಪ್ಪು ಗಂಡಸಿನ ಕೊಲೆಗೆ ಸಾಕಾಗಿದ್ದ ನಾಡು ಅದು. ಹೀಗಿರುವಾಗ ರೂಫಸ್‌ನ ದೇಹಕ್ಕೆ ಯಾವ ಬಯಕೆಯೂ ಅವನೊಬ್ಬನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಬಣ್ಣದ ಪ್ರಶ್ನೆಯನ್ನು ಹಿನ್ನೆಲೆಯೆಂದು ತಳ್ಳಿ, ಲೈಂಗಿಕತೆಯನ್ನು ಮಾತ್ರ ಕಥೆಯೆಂದು ಓದುವುದು ನನ್ನ ಮಟ್ಟಿಗೆ ಈ ಪುಸ್ತಕಕ್ಕೆ ಮಾಡುವ ದೊಡ್ಡ ಅನ್ಯಾಯ.

ಇ. ಲಿನ್ ಹ್ಯಾರಿಸ್‌ರ ‘ಇನ್‌ವಿಸಿಬಲ್ ಲೈಫ್’ ಬೇರೆಯದೇ ಓದನ್ನು ಕೇಳುತ್ತದೆ. ಕಂಪ್ಯೂಟರ್ ಮಾರಾಟದ ಕೆಲಸ ಬಿಟ್ಟ ಹ್ಯಾರಿಸ್ ಇದನ್ನು 1991ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಕಾರಿನ ಡಿಕ್ಕಿಯಲ್ಲಿ ಹೊತ್ತು, ಅಟ್ಲಾಂಟದ ಬ್ಯೂಟಿ ಪಾರ್ಲರ್‌ಗಳಲ್ಲಿ ಇಟ್ಟು ಮಾರಿದರು. ಹೀಗೆ ಅದು ಮೊದಲು ತಲುಪಿದ್ದು ಕಪ್ಪು ಹೆಂಗಸರ ಕೈಗೆ. ಭಾಷೆ ಸರಳ, ಓಟ ವೇಗದ್ದು. ವಕೀಲ ರೇಮಂಡ್ ಟೈಲರ್ ತನ್ನ ಗೆಳತಿ ನಿಕೋಲ್‌ಗೆ ಏನನ್ನು ಯಾವಾಗ ಹೇಳುತ್ತಾನೆ, ಏನನ್ನು ನುಂಗುತ್ತಾನೆ ಎಂಬುದಕ್ಕೆ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಏಡ್ಸ್‌ನ ನೆರಳು ಕಾದಂಬರಿಯ ಮೇಲಿದೆ. ಮುಂದೆ, 2000ದ ನಂತರದ ವರ್ಷಗಳಲ್ಲಿ, ಗುಟ್ಟಾಗಿ ಗಂಡಸರ ಸಂಗ ಮಾಡುವ ಕಪ್ಪು ಪುರುಷರೇ ರೋಗವನ್ನು ಮನೆಗೆ ತರುವವರೆಂಬ ಮಾತು ಅಮೆರಿಕದ ಟಿವಿ ಪತ್ರಿಕೆಗಳಲ್ಲಿ ಹಬ್ಬಿತು; ಸಂಶೋಧಕರು ಆ ಸಾರಾಸಗಟು ಆರೋಪಕ್ಕೆ ತಕ್ಕ ಆಧಾರವಿಲ್ಲವೆಂದರು. ಆ ಆರೋಪದ ಕನ್ನಡಕ ಹಾಕಿಕೊಂಡು ರೇಮಂಡ್‌ನನ್ನು ನೋಡಬೇಡಿ. ಆದರೆ ಅವನ ಮೌನ ಹೆಣ್ಣುಗಳಿಗೆ ಮಾಡುವ ಗಾಯವನ್ನು ಮರೆಯಲೂಬೇಡಿ.

ಕನ್ನಡದಲ್ಲಿ ಇವುಗಳ ಬಗ್ಗೆ ಬರೆಯುವಾಗ, ಮಾತನಾಡುವಾಗ ಪದದ ಮೇಲೆ ನಿಗಾ ಇರಲಿ. ‘ದ್ವಿಲಿಂಗಿ’ ಎಂದರೆ ಶಾಲೆಯಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಕೇಸರವೂ ಶಲಾಕೆಯೂ ಇರುವ ಹೂವು ನೆನಪಾಗುತ್ತದೆ. ಇಲ್ಲಿರುವುದು ದೇಹರಚನೆಯ ಮಾತಲ್ಲ, ಒಲವಿನ ಮಾತು. ‘ದ್ವಿಲಿಂಗಾಸಕ್ತ’ ಅಥವಾ ‘ಉಭಯಲಿಂಗಾಸಕ್ತ’ ಎನ್ನುವುದು ಲೇಸು. ಪಾತ್ರವೇ ತನಗೆ ಯಾವ ಹೆಸರನ್ನೂ ಇಟ್ಟುಕೊಳ್ಳದಿದ್ದಾಗ, ರೂಫಸ್‌ನಂತೆ, ನಾವಾಗಿ ಪದೇ ಪದೇ ಹಣೆಪಟ್ಟಿ ಹಚ್ಚದೆ ಅವನು ಯಾರನ್ನು ಪ್ರೀತಿಸಿದ ಎಂದು ಹೇಳಿದರೆ ಸಾಕು.

ನಾಲ್ಕಾರು ಜನ ಸೇರಿ ಓದುವುದಾದರೆ, ಯಾರನ್ನೂ ಅವರವರ ಬಾಳಿನ ಬಗ್ಗೆ ಕೇಳಬೇಡಿ. ಏನೂ ಮಾತಾಡದೆ ಮೂಲೆಯಲ್ಲಿ ಕುಳಿತು ಕೇಳುವವರಿಗೂ ಅಲ್ಲಿ ಜಾಗವಿರಲಿ. ಚರ್ಚೆಯನ್ನು ‘ಅನದರ್ ಕಂಟ್ರಿ’ಯ ಒಂದು ಭಾಗದಿಂದ ಆರಂಭಿಸಬಹುದು. ರೂಫಸ್ ಸತ್ತ ಮೇಲೆ ಗೆಳೆಯ ವಿವಾಲ್ಡೊ ಒಂದು ರಾತ್ರಿಯನ್ನು ನೆನೆಯುತ್ತಾನೆ: ಅಂದು ರೂಫಸ್‌ಗೆ ಬೇಕಿದ್ದದ್ದು ಯಾರಾದರೂ ತನ್ನನ್ನು ತೋಳಲ್ಲಿ ಹಿಡಿದುಕೊಳ್ಳುವುದು ಎಂದು ಅವನಿಗೆ ಅನ್ನಿಸಿತ್ತು, ಆದರೆ ಅದು ಬರಿಯ ಪ್ರೀತಿಯೆಂದು ರೂಫಸ್‌ಗೆ ಅರ್ಥವಾಗದೇ ಹೋದೀತೆಂದು ಹೆದರಿ ಅವನು ಕೈ ಚಾಚಲಿಲ್ಲ. ಆ ಪುಟವನ್ನು ಒಬ್ಬರು ನಿಧಾನವಾಗಿ ಓದಲಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ.