ಹಳೆಯ ಪಿಸ್ತೂಲಿನ ಊರು ನಳಿಗೆಯ ಅಡಿಯಲ್ಲಿದೆ: ನನ್ನ ಅನುಭವ

ಲಾಕ್ ಪ್ಲೇಟಿನ, ಅಂದರೆ ಹಾರಿಸುವ ಯಂತ್ರವನ್ನು ಹೊತ್ತ ಪಕ್ಕದ ತಗಡಿನ, ಮೇಲೆ ಕಿರೀಟವೂ ಲಂಡನ್ ಟವರಿನ ಶಸ್ತ್ರಾಗಾರವನ್ನು ಸೂಚಿಸುವ ‘ಟವರ್’ ಎಂಬ ಅಕ್ಷರಗಳೂ ಕಂಡರೆ ಸಾಕು, ಮುಂಬಯಿಯ ಚೋರ್ ಬಜಾರಿನಲ್ಲಿ ಆ ಪಿಸ್ತೂಲಿಗೆ ಇಂಗ್ಲೆಂಡಿನದು, 1857ರ ದಂಗೆಯದು ಎಂದೇ ಬೆಲೆ ಕಟ್ಟುತ್ತಾರೆ. ಮರದಿಂದ ನಳಿಗೆಯನ್ನು ಬಿಡಿಸಿ ಅಡಿಭಾಗದ ಪ್ರೂಫ್ ಮುದ್ರೆಗಳನ್ನು (ನಳಿಗೆ ಮದ್ದಿನ ಒತ್ತಡ ತಾಳುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತುಗಳನ್ನು) ಓದಬೇಕೆಂದು ನಾನು ಎಷ್ಟು ಹೇಳಿದರೂ ಮಾಟುಂಗಾದ ನಮ್ಮ ಸಂಗ್ರಾಹಕ ಮಿತ್ರರು ಒಪ್ಪುತ್ತಿರಲಿಲ್ಲ. ನಳಿಗೆಯನ್ನು ಮರಕ್ಕೆ ಹಿಡಿದಿಡುವ ಪಿನ್ನು ತೆಗೆಯುವಾಗ ಮರ ಸೀಳಿದರೆ ಅರ್ಧ ಬೆಲೆ ಹೋಯಿತು ಎಂಬುದು ಅವರ ಭಯ.

ಕಳೆದ ಮಳೆಗಾಲದಲ್ಲಿ ಅದೇ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಐವತ್ತು ಸಾವಿರ ಹೇಳಿದ್ದ ಕೇಪಿನ (ಸಿಡಿಯುವ ಸಣ್ಣ ಲೋಹದ ಟೊಪ್ಪಿಯಿಂದ ಹಾರುವ) ಪಿಸ್ತೂಲೊಂದನ್ನು ಸುಮಾರು ಮೂವತ್ತಕ್ಕೆ ಇಳಿಸಿ ತಂದೆ. ಕೇಪನ್ನು ಹೊಡೆಯುವ ಸುತ್ತಿಗೆ, ಅಂದರೆ ಕುದುರೆ, ಮುರಿದು, ಮದ್ದಿಗೆ ಬೆಂಕಿ ಮುಟ್ಟಿಸುವ ಬೆಂಕಿರಂಧ್ರ ಪೂರ್ತಿ ಮುಚ್ಚಿಹೋಗಿ, ಅದು ಇನ್ನೆಂದೂ ಹಾರದ ಸ್ಥಿತಿಯಲ್ಲಿತ್ತು. ಇನ್ನು ಹಾರಿಸಲಾಗದ ಹಳೆಯ ಆಯುಧಗಳಿಗೆ 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ಕೊಡುವ ವಿನಾಯಿತಿಗೆ ಸಲ್ಲದ ವಸ್ತುವನ್ನು ನಾನು ಮುಟ್ಟುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ್ದಾಗಿದ್ದರೆ ಲಾಕಿನ ಮೇಲೆ, 1808ರ ಸುಮಾರಿನವರೆಗಿನದಕ್ಕೆ ನಾಲ್ಕು ಭಾಗ ಮಾಡಿದ ಹೃದಯದ ಗುರುತು, ಆಮೇಲಿನದಕ್ಕೆ ಮುಂಗಾಲೆತ್ತಿ ನಿಂತ ಸಿಂಹ ಇರಬೇಕಿತ್ತು. ಎರಡೂ ಇರಲಿಲ್ಲ. ನಳಿಗೆಯ ಮೇಲ್ಮೈಯನ್ನು ಯಾರೋ ಮರಳುಕಾಗದದಿಂದ ತಿಕ್ಕಿದ್ದರು.

ಸೀಮೆಸುಣ್ಣದ ಪುಡಿ ತುಂಬಿ ನೋಡಿದೆ, ಅಕ್ಷರ ಏಳಲಿಲ್ಲ. ಎರಡೂವರೆ ಸಾವಿರ ಕೊಟ್ಟು ತಂದ ನೇರಳಾತೀತ ಟಾರ್ಚು ಮರದ ಮೇಲಿನ ಹೊಸ ವಾರ್ನಿಷನ್ನು ಚೆನ್ನಾಗಿ ತೋರಿಸಿತೇ ಹೊರತು ಲೋಹದ ವಿಷಯದಲ್ಲಿ ನಿಷ್ಪ್ರಯೋಜಕವಾಯಿತು. ಕೊನೆಗೆ ಮರದ ಕಡ್ಡಿ ಇಳಿಸಿ ನಳಿಗೆ ಖಾಲಿಯೆಂದು ಖಚಿತಪಡಿಸಿಕೊಂಡು ಪಿನ್ನುಗಳನ್ನು ತೆಗೆದೆ. ಮರಕ್ಕೆ ಒಂದು ಗೀರೂ ಬೀಳಲಿಲ್ಲ. ಪಿನ್ನು ಸಡಿಲಿಸುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಅಡಿಯ ತುಕ್ಕನ್ನು ತೆಳುವಾದ ಎಣ್ಣೆಯಲ್ಲಿ ನೆನೆಸಿ, ಉಕ್ಕಿನ ಬ್ರಷ್ ತಾಗಿಸದೆ ಬಿದಿರಿನ ಚಕ್ಕೆಯಿಂದ ಎಬ್ಬಿಸಿ, ಎಣ್ಣೆಯ ಪಸೆ ಪೂರ್ತಿ ಹೋದ ಮೇಲೆ ಕರ್ಪೂರ ಉರಿಸಿ ಅದರ ಮಸಿಯನ್ನು ಲೋಹಕ್ಕೆ ಹಿಡಿಸಿದೆ. ಆ ಮಸಿಯನ್ನು ಪಾರದರ್ಶಕ ಟೇಪಿನಿಂದ ಎತ್ತಿ ಬಿಳಿ ಕಾಗದಕ್ಕೆ ಅಂಟಿಸಿದಾಗ ಅಂಡಾಕಾರದೊಳಗೆ ‘ಇ ಎಲ್ ಜಿ’ ಅಕ್ಷರಗಳು, ಕೆಳಗೆ ನಕ್ಷತ್ರ, ಪಕ್ಕದಲ್ಲಿ ಕಿರೀಟ ಹೊತ್ತ ಒಂದು ಅಕ್ಷರ ಸ್ಪಷ್ಟವಾಗಿ ಮೂಡಿದವು. ಅದು ಬೆಲ್ಜಿಯಂನ ಲಿಯೇಜ್ ನಗರದ ಪ್ರೂಫ್ ಮುದ್ರೆ. 1893ರಲ್ಲಿ ಅಂಡಾಕಾರದ ನೆತ್ತಿಗೆ ಕಿರೀಟ ಬಂತು, ಇದಕ್ಕೆ ಅದಿಲ್ಲ. ಪಕ್ಕದ ಅಕ್ಷರ ನಳಿಗೆಯನ್ನು ನೋಡಿದ ಪರೀಕ್ಷಕನದು, ಅದರ ಮೇಲಿನ ಕಿರೀಟವಾದರೋ 1853ರಿಂದ 1877ರವರೆಗಿನದು, ಆಮೇಲೆ ಅಲ್ಲಿ ನಕ್ಷತ್ರ ಬಂತು. ಹೀಗೆ ಊರೂ ಕಾಲವೂ ಒಂದೇ ಟೇಪಿನಲ್ಲಿ ಸಿಕ್ಕವು.

ಇದೇ ಹುಮ್ಮಸ್ಸಿನಲ್ಲಿ ಪುಣೆಯ ಮಿತ್ರರೊಬ್ಬರ ಪರವಾನಗಿಯುಳ್ಳ ರಿವಾಲ್ವರಿಗೂ ಅವರೆದುರೇ ಮಸಿ ಹಿಡಿಸಿದೆ. ಇಂಗ್ಲೆಂಡಿನದೆಂದು ಅವರು ನಂಬಿದ್ದ ಅದರ ಮೇಲೆ ‘ನಾಟ್ ಇಂಗ್ಲಿಷ್ ಮೇಕ್’ ಎಂದಿತ್ತು. ಹೊರದೇಶದಿಂದ ಬಂದ ಆಯುಧಗಳಿಗೆ ಬ್ರಿಟಿಷ್ ಪ್ರೂಫ್ ಹೌಸುಗಳು (ಆಯುಧ ಪರೀಕ್ಷಾಲಯಗಳು) 1925ರಿಂದ ಒತ್ತುತ್ತಿದ್ದ ಮುದ್ರೆಯದು.

ಲಿಯೇಜಿನ ಪಿಸ್ತೂಲನ್ನು ಟೇಪಿನ ಹಾಳೆಯೊಡನೆ, ಬೆಲ್ಜಿಯಂನದೆಂದು ಹೇಳಿಯೇ, ನಲವತ್ತೈದರ ಆಸುಪಾಸಿಗೆ ಕೊಟ್ಟೆ. ಅತಿ ಹೆಚ್ಚು ಸಂಶಯಪಟ್ಟಿದ್ದ ಮಾಟುಂಗಾದ ಮಿತ್ರರೇ ಈಗ ಎರಡು ಪಿಸ್ತೂಲು ತಂದುಕೊಟ್ಟಿದ್ದಾರೆ. ಒಂದರ ಅಡಿಯಲ್ಲಿ ಕಿರೀಟ, ಅಡ್ಡಹಾಯ್ದ ರಾಜದಂಡಗಳು, ‘ಬಿ ಪಿ ಸಿ’ ಅಕ್ಷರಗಳು ಸಿಕ್ಕಿವೆ. ಅಂದರೆ ಅದು 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸನ್ನು ದಾಟಿ ಬಂದದ್ದು. ಇನ್ನೊಂದರ ಮರ ಬಹಳ ಒಣಗಿರುವುದರಿಂದ ಮಳೆಗಾಲದವರೆಗೆ ಅದರ ಪಿನ್ನು ಮುಟ್ಟುವುದಿಲ್ಲವೆಂದು ಅವರಿಗೆ ಹೇಳಿದ್ದೇನೆ.