ಪ್ರಭಾರ ಹೆಗಲಿಗೆ ಬಿದ್ದ ಮೇಲೂ ಪಾಠ ನಿಲ್ಲಬಾರದು ಅಂದ್ರೆ

ಮುಖ್ಯ ಶಿಕ್ಷಕರು ನಿವೃತ್ತರಾದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಸೇವೆಯಲ್ಲಿ ನೀವೇ ಹಿರಿಯರು ಅಂತ ಬೀರುವಿನ ಬೀಗದ ಕೈ ನಿಮ್ಮ ಕೈಗೆ ಬಂತು. ಸಣ್ಣ ಸರ್ಕಾರಿ ಶಾಲೆಯಲ್ಲಿ ಪ್ರಭಾರ ಬರುವುದು ಹೀಗೇ. ನಿಮ್ಮ ತರಗತಿಗಳೇನೂ ಕಡಿಮೆ ಆಗುವುದಿಲ್ಲ, ಬಿಸಿಯೂಟ, ಹಾಲು, ಮೊಟ್ಟೆ, ನಗದು ಪುಸ್ತಕ, ಮೀಟಿಂಗು ಎಲ್ಲಾ ಅದರ ಮೇಲೆ ಬಂದು ಕೂರುತ್ತವೆ. ನಾನು ಆರು ವರ್ಷ ಪ್ರಭಾರದಲ್ಲಿದ್ದೆ. ಮೊದಲ ವರ್ಷ ಪೂರ್ತಿ ಹಾಳು ಮಾಡಿಕೊಂಡೆ, ಆಮೇಲೆ ಸ್ವಲ್ಪ ದಾರಿ ಸಿಕ್ಕಿತು. ಹೊಸದಾಗಿ ಈ ಕುರ್ಚಿಗೆ ಬಂದವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಅಕ್ಕಿ ತೂಗಿ. ತಮಾಷೆ ಅಲ್ಲ. ನಾನು ನಂಬಿಕೆಯ ಮೇಲೆ ದಾಸ್ತಾನು ವಹಿಗೆ ಸಹಿ ಹಾಕಿದೆ, ತಿಂಗಳ ಕೊನೆಗೆ ಅರ್ಧ ಮೂಟೆ ಕಡಿಮೆ ಬಂತು, ಕೈಯಿಂದ ದುಡ್ಡು ಹಾಕಿ ಸರಿ ಮಾಡಿದೆ. ಅಕ್ಕಿ, ಬೇಳೆ, ಎಣ್ಣೆ, ಪಾಸ್‌ಬುಕ್, ದಾಖಲಾತಿ ವಹಿ ಎಲ್ಲವನ್ನೂ ಕಣ್ಣಾರೆ ನೋಡಿ, ಇದ್ದಷ್ಟನ್ನೇ ಬರೆದು, ಆಮೇಲೆ ಸಹಿ ಹಾಕಿ. ಕಾಗದದ ವಿಷಯದಲ್ಲಿ ಇನ್ನೊಂದೇ ಮಾತು. ತರಗತಿವಾರು ಮಕ್ಕಳ ಸಂಖ್ಯೆ, ಹುಡುಗರು ಹುಡುಗಿಯರು ಎಷ್ಟು, ಪರಿಶಿಷ್ಟ ಜಾತಿ ಪಂಗಡದವರು ಎಷ್ಟು, ಕೊಠಡಿ, ಶೌಚಾಲಯ, ಪ್ರತಿ ಶಾಲೆಗೂ ಕೊಟ್ಟಿರುವ 11 ಅಂಕಿಯ ಗುರುತಿನ ಸಂಖ್ಯೆ ಯು-ಡೈಸ್ ಕೋಡ್, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. 'ತುರ್ತು, 12 ಗಂಟೆಯೊಳಗೆ ಕಳಿಸಿ' ಅಂತ ವಾಟ್ಸಾಪಿನಲ್ಲಿ ಬರುವುದರಲ್ಲಿ ಮುಕ್ಕಾಲು ಪಾಲು ಈ ಹಾಳೆಯಲ್ಲೇ ಇರುತ್ತದೆ.

ಮೊದಲ ಪೀರಿಯಡ್ ಯಾರಿಗೂ ಕೊಡಬೇಡಿ

ಇದೇ ಮುಖ್ಯ, ಉಳಿದದ್ದೆಲ್ಲಾ ಇದರಿಂದಲೇ. ಬೆಲ್ ಆದ ತಕ್ಷಣ ನೀವು ತರಗತಿಯಲ್ಲಿರಬೇಕು. ಫೋನ್ ಬೀರುವಿನಲ್ಲಿರಲಿ, ಯಾರಾದರೂ ಬಂದರೆ ಹತ್ತೂವರೆ ಮೇಲೆ ಬನ್ನಿ ಅಂತ ಹೇಳಲು ಅಡುಗೆಯಮ್ಮನಿಗೆ ತಿಳಿಸಿಡಿ. ಸಹೋದ್ಯೋಗಿಗಳಿಗೆ ಸಮಯಪಾಲನೆಯ ಬಗ್ಗೆ ನೀವು ಕೊಡುವ ಮೆಮೊಗಿಂತ, ನೀವು ಚಾಕ್‌ಪೀಸ್ ಹಿಡಿದು ಹೊರಟದ್ದು ಜಾಸ್ತಿ ಕೆಲಸ ಮಾಡುತ್ತದೆ. ನಾನು ಮೊದಲ ವರ್ಷ ಬೆಳಗ್ಗೆ ಕುರ್ಚಿಯಲ್ಲೇ ಕೂತು ಫೈಲ್ ನೋಡುತ್ತಿದ್ದೆ. ಎರಡೇ ವಾರದಲ್ಲಿ ಎಲ್ಲರೂ ಹತ್ತು ನಿಮಿಷ ತಡವಾಗಿ ತರಗತಿಗೆ ಹೋಗತೊಡಗಿದರು. ಅವರನ್ನು ಬೈಯಲು ನನಗೆ ಯಾವ ಬಾಯಿ ಇತ್ತು?

ಒಂದು ಲೆಕ್ಕ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. ಅಂದ್ರೆ ದಿನಕ್ಕೆ 4 ಗಂಟೆ. ಪ್ರಾರ್ಥನೆ ಎಳೆದು, ಊಟದ ತಟ್ಟೆ ತೊಳೆಯುವುದು ಎಳೆದು, ದಿನಕ್ಕೆ ಅರ್ಧ ಗಂಟೆ ಹೋಯಿತು ಅನ್ನಿ. 200 ದಿನಕ್ಕೆ 100 ಗಂಟೆ, ಅಂದ್ರೆ 25 ದಿನದ ಪಾಠ. ಯಾರೂ ರಜೆ ಹಾಕಿಲ್ಲ, ಆದರೂ ಒಂದು ತಿಂಗಳ ಪಾಠ ಹೋಯಿತು. ನಾವು ಕೈ ತೊಳೆಯುವ ಕಡೆ ಇನ್ನೂ ನಾಲ್ಕು ನಲ್ಲಿ ಹಾಕಿಸಿದೆವು, ಅಷ್ಟರಿಂದಲೇ ಮಧ್ಯಾಹ್ನ ಹತ್ತು ನಿಮಿಷ ಉಳಿಯಿತು.

ಪ್ರತಿ ಮಗುವಿನ ಓದು ನೀವೇ ಕೇಳಿ

ಜೂನ್‌ನಲ್ಲಿ ಎರಡು ವಾರ ಇದಕ್ಕೇ ಇಡಿ. ನಾಲ್ಕನೇ ತರಗತಿ ಮತ್ತು ಮೇಲಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಒಂದು ಮಗುವಿಗೆ ಮೂರು ನಿಮಿಷ ಸಾಕು. ಅಕ್ಷರ, ಪದ, ವಾಕ್ಯ, ಒಂದು ಪುಟ್ಟ ಕತೆ, ಯಾವುದರಲ್ಲಿ ನಿಂತಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಾಲ್ಕನೇ ತರಗತಿಯೇ ಯಾಕೆ ಅಂದ್ರೆ, 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂತು, ಕಾರ್ಡ್ ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ, ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳ ಸಾಲು, ಹತ್ತುತ್ತಾರೆ. ನಾಲ್ಕಕ್ಕೆ ಬಂದ ದಿನ ಏಣಿ ಇಲ್ಲ, ಕಾರ್ಡ್ ಇಲ್ಲ, ಎಲ್ಲರಿಗೂ ಒಂದೇ ಪಠ್ಯಪುಸ್ತಕ. ಏಣಿಯ ಮಧ್ಯದಲ್ಲಿದ್ದ ಮಗು ಅಲ್ಲೇ ಸುಮ್ನೆ ಕೂತುಬಿಡುತ್ತದೆ, ಗಲಾಟೆನೂ ಮಾಡುವುದಿಲ್ಲ, ಹಾಗಾಗಿ ನಮ್ಮ ಕಣ್ಣಿಗೂ ಬೀಳುವುದಿಲ್ಲ.

ಕೇಳುವಾಗ ತಪ್ಪು ಎಷ್ಟು ಅನ್ನುವುದಕ್ಕಿಂತ ಎಂಥ ತಪ್ಪು ಅಂತ ನೋಡಿ. ಒಬ್ಬ ಹುಡುಗ 'ಕೊಡೆ' ಓದಲು ಬಾಯೊಳಗೇ ಕ ಕಾ ಕಿ ಕೀ ಅಂತ ಶುರುಮಾಡಿ ಕೊ ತನಕ ಬರುತ್ತಿದ್ದ. ಕಾಗುಣಿತ ಬಾಯಿಪಾಠ ಚೆನ್ನಾಗೇ ಇತ್ತು, ಗುರುತು ಮಾತ್ರ ಗೊತ್ತಿರಲಿಲ್ಲ. ಅವನಿಗೆ ಇನ್ನೂ ಹತ್ತು ಸಲ ಕಾಗುಣಿತ ಬರೆಸಿದರೆ ಏನು ಪ್ರಯೋಜನ? ಕೊ, ಮಿ, ಸೂ, ತೆ ಅಂತ ಕಲಸಿಬಿಟ್ಟ ಚೀಟಿಗಳನ್ನು ದಿನಾ ಐದು ನಿಮಿಷ ತೋರಿಸಿದೆವು. 'ವರ್ಷ'ವನ್ನು 'ವಷ್ರ' ಅಂತ ಓದುವವರ ತೊಂದರೆ ಬೇರೆ, ಅರ್ಕಾವತ್ತು ಬಲಗಡೆ ಬರೆದರೂ ಉಚ್ಚಾರದಲ್ಲಿ ಮೊದಲು ಬರುತ್ತದೆ ಅಂತ ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. ತಾಂಡಾದಿಂದ ಬರುವ ಮಗುವಿಗೆ ಅಕ್ಷರ ಬಂದರೂ ಪದವೇ ಹೊಸದು. ಮನೆಯಲ್ಲಿ ಲಂಬಾಣಿ ತಾನೇ? ಅಲ್ಲಿ ಮೊದಲು ಮಾತು, ಆಮೇಲೆ ಓದು.

ಲೆಕ್ಕಕ್ಕೂ ಇದೇ. 52ರಲ್ಲಿ 27 ಕಳೆ ಅಂದರೆ ಆರನೇ ತರಗತಿಯಲ್ಲೂ 35 ಅನ್ನುವವರು ಸಿಗುತ್ತಾರೆ. ತಪ್ಪು ಅಂತ ಕೆಂಪು ಗೆರೆ ಎಳೆಯುವ ಮೊದಲು ಹೇಗೆ ಬಂತು ಅಂತ ಕೇಳಿ. 'ಎರಡರಲ್ಲಿ ಏಳು ಹೋಗಲ್ಲ ಸಾರ್, ಅದಕ್ಕೆ ಏಳರಲ್ಲಿ ಎರಡು ಕಳೆದೆ' ಅನ್ನುತ್ತಾರೆ. ಬೆಂಕಿಕಡ್ಡಿಯ ಹತ್ತರ ಕಟ್ಟು ಐದು, ಬಿಡಿ ಕಡ್ಡಿ ಎರಡು ಕೈಗೆ ಕೊಟ್ಟು 27 ವಾಪಸ್ ಕೊಡು ಅನ್ನಿ. ಕಟ್ಟು ಬಿಚ್ಚದೆ ಕೊಡಲು ಆಗುವುದಿಲ್ಲ. ದಶಕ ತೆಗೆದುಕೊಳ್ಳುವುದು ಅಂದ್ರೇನು ಅಂತ ಆ ಬಿಚ್ಚುವುದರಲ್ಲೇ ಗೊತ್ತಾಗುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ದಿನಕ್ಕೆ ಒಂದು ಪೀರಿಯಡ್ ನಾಲ್ಕು, ಐದನೇ ತರಗತಿ ಕಲಸಿ, ಓದುವ ಮಟ್ಟದ ಮೇಲೆ ಗುಂಪು ಮಾಡಿ. ಇಬ್ಬರು ಶಿಕ್ಷಕರಿದ್ದರೆ ಸಾಕು. ಗುಂಪಿಗೆ ಹೂವಿನ ಹೆಸರು ಇಟ್ಟರೂ ಮಕ್ಕಳಿಗೆ ಯಾವುದು 'ದಡ್ಡರ ಗುಂಪು' ಅಂತ ಅರ್ಧ ದಿನದಲ್ಲಿ ತಿಳಿಯುತ್ತದೆ, ಆದ್ದರಿಂದ ಆ ಗುಂಪನ್ನು ಶಾಲೆಯ ಒಳ್ಳೆಯ ಶಿಕ್ಷಕಿಗೆ ಕೊಡಿ, ಆರು ವಾರಕ್ಕೊಮ್ಮೆ ಗುಂಪು ಬದಲಾಯಿಸಿ. ನಮ್ಮಲ್ಲಿ ಉಲ್ಟಾ ನಡೆಯುತ್ತದೆ ಅಲ್ವಾ, ಚುರುಕಿನ ಮಕ್ಕಳಿಗೆ ಚುರುಕಿನ ಟೀಚರ್.

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ

ಅಮೆರಿಕದ ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ನೋಡಿದ್ದು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಕಾಯುತ್ತಿದ್ದರು, ಅಷ್ಟೇ. ಮೂರು ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ಮೂರು ಸೆಕೆಂಡ್ ಏನು ಮಹಾ ಅನ್ನಿಸಬಹುದು, ನಿಂತು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಇನ್ನೊಂದು, ಎಲ್ಲರಿಗೂ ಸ್ಲೇಟ್ ಕೊಡಿ. ಉತ್ತರ ಬರೆದು ಒಟ್ಟಿಗೆ ಎತ್ತಿ ಹಿಡಿಯಲಿ. 'ಅರ್ಥ ಆಯ್ತಾ?' ಅಂದರೆ 'ಆಯ್ತು ಸಾರ್' ಅಂತ ಕೋರಸ್ ಬರುತ್ತದೆ, ಸ್ಲೇಟಿನಲ್ಲಿ ಆ ಕೋರಸ್ ನಡೆಯುವುದಿಲ್ಲ.

ಬೇರೆಯವರ ತರಗತಿಗೆ ಹೋಗುವುದು

ಇಲ್ಲಿ ಸೂಕ್ಷ್ಮ ಬೇಕು. ನಿನ್ನೆಯವರೆಗೆ ಜೊತೆಗೆ ಟೀ ಕುಡಿದವರು ನೀವು, ಇವತ್ತು ಪುಸ್ತಕ ಪೆನ್ನು ಹಿಡಿದು ಹಿಂದೆ ಕೂತರೆ ಯಾರಿಗೆ ತಾನೆ ಹಿಡಿಸುತ್ತದೆ. ಮೊದಲು ಅವರನ್ನೇ ನಿಮ್ಮ ತರಗತಿಗೆ ಕರೆಯಿರಿ. 'ಮೇಡಂ, ಭಿನ್ನರಾಶಿ ಪಾಠ ನನಗೆ ಯಾಕೋ ಸರಿಯಾಗಿ ಕೂರುತ್ತಿಲ್ಲ, ಸ್ವಲ್ಪ ನೋಡ್ತೀರಾ?' ಅಂದು ನೋಡಿ. ಆಮೇಲೆ ನೀವು ಹೋದರೆ ತಪಾಸಣೆ ಅನ್ನಿಸುವುದಿಲ್ಲ. ಹತ್ತು ನಿಮಿಷ ಸಾಕು. ಮಕ್ಕಳ ನಡುವೆ ನೆಲದ ಮೇಲೆ ಕೂತು, ಒಂದು ಮಗುವಿನ ನೋಟ್‌ಬುಕ್ ನೋಡಿ, ಅವತ್ತೇ ಸಂಜೆ ಒಂದೇ ವಿಷಯ ಹೇಳಿ. ಐದು ಹೇಳಿದರೆ ಒಂದೂ ಉಳಿಯುವುದಿಲ್ಲ. ಮಕ್ಕಳ ಎದುರಿಗಂತೂ ಏನೂ ಹೇಳಬೇಡಿ.

ಯಾರಾದರೂ ಇನ್ನೂ ಕೋಲು ಹಿಡಿಯುತ್ತಿದ್ದರೆ ಮಾತ್ರ ಸಂಜೆವರೆಗೆ ಕಾಯಬೇಡಿ, ಆಗಲೇ ಹೊರಗೆ ಕರೆದು ನಿಲ್ಲಿಸಲು ಹೇಳಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಇದರಲ್ಲಿ ಸ್ನೇಹ ನೋಡುವಂತಿಲ್ಲ.

ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಊರಿಂದ ಊರಿಗೆ ಕತೆ ಬೇರೆ. ನಾವು ಮಾಡಿದ್ದು ಇಷ್ಟೇ, ಸಭೆಯಲ್ಲಿ ಕಾಂಪೌಂಡು, ಬಣ್ಣ, ಬಿಲ್ಲು ಶುರುವಾಗುವ ಮೊದಲು ಇಬ್ಬರು ಮಕ್ಕಳಿಂದ ಒಂದು ಪುಟ ಓದಿಸಿದೆವು. ಸಭೆ ಸಂಜೆ ಆರೂವರೆಗೆ ಇಟ್ಟೆವು, ಕೂಲಿಗೆ ಹೋದ ತಾಯಂದಿರು ಬರಲು ಆಗುವುದು ಆಗಲೇ. ಮಗಳು ತಡವರಿಸದೆ ಓದಿದ್ದನ್ನು ಕೇಳಿದ ತಾಯಿಯೊಬ್ಬರು ಮರುದಿನ ಬಂದು, ಶುಂಠಿ ಕೀಳುವ ಹೊತ್ತಿನಲ್ಲೂ ಇವಳನ್ನು ಗೈರು ಮಾಡಿಸುವುದಿಲ್ಲ ಅಂದರು. ಆ ವರ್ಷ ಮಾಡಿಸಲಿಲ್ಲ ಕೂಡ. ಮುಂದಿನ ವರ್ಷ ಎಂಟು ದಿನ ಗೈರಾದಳು, ನಾವು ಮತ್ತೆ ಮನೆಗೆ ಹೋಗಿ ಬಂದೆವು.